ಹಿಟ್ಟು ಆಗದವನ ವೀರಗಲ್ಲು ಸಮೀಕ್ಷೆ

ಕಾಯಿಲೆ ಗೊತ್ತಾದದ್ದು ಒಂದು ಸೋಮವಾರ ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ಆಸ್ಪತ್ರೆಯ ಚೀಟಿ ಮಂಗಳವಾರ ಎನ್ನುತ್ತದೆ. ಚೀಟಿಯನ್ನು ಒಪ್ಪುತ್ತೇನೆ. ಕಲ್ಲಿನ ಮೇಲೆ ಕೊರೆದ ವಾರವನ್ನೇ ಪಂಚಾಂಗದ ಲೆಕ್ಕಕ್ಕೆ ಹಚ್ಚಿ ನೋಡದೆ ನಂಬದವನು ತನ್ನ ತಲೆಯೊಳಗಿನ ವಾರವನ್ನು ನಂಬುವುದಕ್ಕೆ ಕಾರಣವಿಲ್ಲ.

ನನ್ನ ಗಂಟಲಿನೊಳಗೆ ಕೊಳವೆ ಇಳಿಸಿ, ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ಅವರ ದನಿಯಲ್ಲಿದ್ದ ಉಲ್ಲಾಸವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

"ಸೀಲಿಯಾಕ್ ಸರ್. ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇರುತ್ತೆ. ಅದು ಒಳಗೆ ಹೋದಾಗಲೆಲ್ಲ ನಿಮ್ಮ ದೇಹ ನಿಮ್ಮ ಕರುಳಿನ ಮೇಲೇ ಯುದ್ಧಕ್ಕೆ ಹೋಗುತ್ತೆ. ಆಹಾರ ಹೀರಿಕೊಳ್ಳೋ ಒಳಪದರ ಸವೆದು ಚಪ್ಪಟೆಯಾಗಿದೆ. ಅದಕ್ಕೇ ರಕ್ತ ಇಲ್ಲ, ಮೂಳೆ ಟೊಳ್ಳಾಗಿದೆ. ಮಾತ್ರೆ ಇಲ್ಲ. ಗೋಧಿ, ಬಾರ್ಲಿ ಪೂರ್ತಿ ಬಿಡಬೇಕು. ನೀವು ಅದೃಷ್ಟವಂತರು, ರಾಗಿ ಸೀಮೆಯವರು!"

ಅದೃಷ್ಟವಂತನಿಗೆ ಅವರು ಒಂದು ಷರತ್ತನ್ನೂ ಹಾಕಿದರು. ಕೆಲವು ತಿಂಗಳ ಬಳಿಕ ರಕ್ತಪರೀಕ್ಷೆ. ದೇಹದ ಆ ಯುದ್ಧದ ಗುರುತಾದ ಅಂಶ ಇಳಿಯಬೇಕು. ಇಳಿಯದಿದ್ದರೆ ಊರೂರು ಸುತ್ತುವುದು, ಬಾಗಿ ಕಲ್ಲು ಉಜ್ಜುವುದು ಎಲ್ಲ ನಿಲ್ಲಬೇಕು. ಈ ಮೂಳೆ ಹೊತ್ತು ಎಲ್ಲಾದರೂ ಮುಗ್ಗರಿಸಿದರೆ ಸಂಜೆಯೊಳಗೆ ಹಾಸಿಗೆ ಹಿಡಿಯುತ್ತೀರಿ ಎಂದರು.

ನಿಲ್ಲಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಿವೃತ್ತನಾದ ಮೇಲೆ ಹಿಡಿದ ಕೆಲಸ ಅದು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲೂಕುಗಳಲ್ಲಿ ಕಾಲಸೂಚನೆಯುಳ್ಳ ವೀರಗಲ್ಲುಗಳನ್ನು ಮತ್ತೆ ನೋಡಿ, ಹಳೆಯ ಓದುಗಳಲ್ಲಿ ತಪ್ಪಿದ ಸಂವತ್ಸರ, ತಿಥಿ, ವಾರಗಳನ್ನು ಒಂದೊಂದಾಗಿ ತಾಳೆ ನೋಡುವುದು. ತಿಥಿಗೂ ವಾರಕ್ಕೂ ಹೊಂದಿಕೆಯಾದರೆ ಆ ಕಲ್ಲಿನ ಕಾಲ ನಿಲ್ಲುತ್ತದೆ, ಎಂದರೆ ಖಚಿತವಾಗುತ್ತದೆ. ಹೊಂದದಿದ್ದರೆ ಕೊರೆದವನು ತಪ್ಪಿದ್ದಾನೆ, ಇಲ್ಲವೇ ಓದಿದವನು. ಕೆ.ಆರ್. ನಗರದ ಕಡೆಯದು ಮುಗಿದಿತ್ತು. ಹೆಚ್.ಡಿ. ಕೋಟೆಯದು ಬಹುಪಾಲು ಉಳಿದಿತ್ತು. ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಸಂಪಾದಕರು, ಒಂದು ಕಾಲದ ನನ್ನ ವಿದ್ಯಾರ್ಥಿ, ವಾರವಾರವೂ ಫೋನು ಮಾಡುತ್ತಿದ್ದರು.

ಜೊತೆಗಿದ್ದವನು ಹುಣಸೂರಿನ ಒಬ್ಬ ಚಾಲಕ. ಮರಗೆಲಸದ ಮನೆತನದವನು, ಉಳಿ ಬಿಟ್ಟು ಹಳೆಯ ಓಮ್ನಿ ಹಿಡಿದಿದ್ದ. ಕಲ್ಲು ತೊಳೆಯಲು ನೀರು ಹೊರುವುದು, ಅಚ್ಚು ತೆಗೆಯುವ ಕಾಗದ ಹಿಡಿಯುವುದು, ಮನೆಯವರಿಗೆ ಮುಂಚೆ ಫೋನು ಮಾಡಿ ಒಪ್ಪಿಸುವುದು, ಎಲ್ಲ ಅವನದೇ. ಬಾಯಿ ಮಾತ್ರ ಅವನ ಹತೋಟಿಯಲ್ಲಿರಲಿಲ್ಲ.

ಗೋಧಿಯನ್ನು ಬಿಡುವುದೆಂದರೆ ಚಪಾತಿ ಬಿಡುವುದು ಎಂದು ತಿಳಿದಿದ್ದವನು ಮೊದಲು ಕಲಿತದ್ದು, ಗೋಧಿಗೆ ತನ್ನ ಹೆಸರಿನಲ್ಲಿ ತಿರುಗಾಡುವ ಅಭ್ಯಾಸವಿಲ್ಲ ಎಂಬುದನ್ನು. ಅದು ಉಪ್ಪಿಟ್ಟಿನ ರವೆಯಾಗಿ, ಶ್ಯಾವಿಗೆಯಾಗಿ, ಬೋಂಡಾ ಹಿಟ್ಟಿಗೆ ಸೇರಿಸಿದ ಮೈದಾ ಆಗಿ ಬರುತ್ತದೆ. ಒಂದು ಸಂಜೆ ಇಂಗಿನ ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಗೋಧಿ ಹಿಟ್ಟು. ಹುಟ್ಟಿದಂದಿನಿಂದ ಉಂಡ ಸಾರಿನ ಮೇಲೆ ಹಗೆ ಹುಟ್ಟಿದ ಸಂಜೆ ಅದು. ರಾಗಿಯನ್ನಾದರೂ ನಂಬೋಣವೆಂದರೆ, ಹುಣಸೂರಿನ ಮಿಲ್ಲಿನಲ್ಲಿ ನನ್ನ ಮುಂದಿನವರು ಬೀಸಿಸಿದ್ದು ಗೋಧಿ. ಅವರ ಹಿಟ್ಟಿನ ಕೊನೆಯ ಪಾಲು ನನ್ನ ರಾಗಿಯ ಮೊದಲ ಪಾಲಾಗಿ ಬೀಳುತ್ತಿದ್ದುದನ್ನು ಕಣ್ಣಾರೆ ಕಂಡೆ. ಮನೆಗೇ ಸಣ್ಣ ಗಿರಣಿ ತರಿಸಿದೆ. ಬೇರೆ ಹೆಂಚು, ಬೇರೆ ಮುದ್ದೆಕೋಲು, ಬೇರೆ ತಪ್ಪಲೆ. ಹೋದಲ್ಲೆಲ್ಲ ಊಟದ ಕ್ಯಾರಿಯರ್ ಹೊತ್ತೆ.

ಇಷ್ಟಾಗಿಯೂ ಮೊದಲ ರಕ್ತಪರೀಕ್ಷೆಯಲ್ಲಿ ಆ ಅಂಶ ಇಳಿಯಲಿಲ್ಲ. ಹೊಟ್ಟೆಯುಬ್ಬರ, ಭೇದಿ, ಮಂಡಿ ನಡುಕ, ಯಾವುದೂ ಬಿಡಲಿಲ್ಲ. ಆಸ್ಪತ್ರೆಯ ಆಹಾರತಜ್ಞೆ ನನ್ನ ಮುಖ ನೋಡದೆ ಹೇಳಿದರು:

"ಎಲ್ಲೋ ತಿಂತಾ ಇದೀರ ಸರ್. ನಿಮಗೇ ಗೊತ್ತಿಲ್ಲದೆ ತಿಂತಾ ಇದೀರ, ಅಥವಾ ಗೊತ್ತಿದ್ದೂ ಹೇಳ್ತಾ ಇಲ್ಲ. ಇನ್ನೊಂದು ಪರೀಕ್ಷೆವರೆಗೆ ಟೈಮ್ ಕೊಡ್ತೀವಿ. ಆಮೇಲೆ ತಿರುಗಾಟ ಬಂದ್."

ಅಂದಿನಿಂದ ನಾನು ಎಲ್ಲರನ್ನೂ ಶಂಕಿಸಿದೆ. ಕೊಪ್ಪದ ಹೋಟೆಲಿನಲ್ಲಿ ಇಡ್ಲಿಯ ಹಬೆಪಾತ್ರೆ ತೆರೆಸಿ ನೋಡಿ ಮಾಲೀಕನಿಂದ ಬೈಸಿಕೊಂಡೆ. ಕಾರಿನಲ್ಲಿ ಬನ್ನು ತಿನ್ನುತ್ತಿದ್ದ ಚಾಲಕನನ್ನು ದಾರಿಯಲ್ಲೇ ಇಳಿಸಿ, ಪುಡಿ ಕೊಡವಿಕೊಂಡು ಬಾ ಎಂದೆ.

"ಸಾರ್, ಬನ್ನು ನಾನು ತಿಂದ್ರೆ ನಿಮ್ಮ ಹೊಟ್ಟೆ ಹೆಂಗೆ ಕೆಡ್ತದೆ? ನಮ್ಮಿಬ್ಬರದೂ ಒಂದೇ ಕರುಳಾ?"

"ನಿನ್ನ ಕೈಯಿಂದ ನನ್ನ ಕಾಗದಕ್ಕೆ ಬರುತ್ತೆ ಕಣಯ್ಯಾ."

"ಅರೆ, ಗಾಡೀನೂ ನಂದು, ಬನ್ನೂ ನಂದು. ಇಳಿಯೋದು ಮಾತ್ರ ನಾನಾ?" ಎನ್ನುತ್ತ ಆತ ಕೊಡವಿಕೊಂಡ. ಆಮೇಲೆ ಕೆ.ಆರ್. ನಗರದ ಪರಿಚಯಸ್ಥರೆಲ್ಲರಿಗೂ, ಮೇಷ್ಟ್ರಿಗೆ ಬನ್ನಿನ ಭೂತ ಮೆಟ್ಟಿಕೊಂಡಿದೆ ಎಂದು ಹೇಳಿದನಂತೆ.

ಹೆಚ್.ಡಿ. ಕೋಟೆ ತಾಲೂಕಿನ ಆ ಕಲ್ಲು ಹ್ಯಾಂಡ್‌ಪೋಸ್ಟ್‌ ಎಂಬ ಕೂಡುರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಬೇಸಾಯದ ಮನೆಯ ಹಿತ್ತಲಿನಲ್ಲಿತ್ತು. ಮೂರು ಪಟ್ಟಿಕೆಗಳ ವೀರಗಲ್ಲು. ದನಗಳ ಸಾಲು, ಬಿಲ್ಲೆತ್ತಿದ ಆಳು, ಮೇಲೆ ಲಿಂಗ. ಬರಹದ ಕೆಳಸಾಲುಗಳು ನೆಲದೊಳಗಿದ್ದವು, ಕಾಲಸೂಚನೆ ಅಲ್ಲೇ ಇರಬೇಕಿತ್ತು. ಮನೆಯವರು ಪಕ್ಕದಲ್ಲೇ ಹೊಸ ಮನೆಗೆ ಪಾಯ ತೋಡಿಸುತ್ತಿದ್ದರು. ಕಲ್ಲನ್ನು ಕಿತ್ತು ಆ ಪಾಯದಲ್ಲೇ ಮಲಗಿಸುವುದೆಂದು ತೀರ್ಮಾನವಾಗಿತ್ತು. ಊರ ಗುಡಿಯ ಮುಂದೆ ನಿಲ್ಲಿಸಿ ಎಂದು ನಾನು ಫೋನಿನಲ್ಲೇ ಬೇಡಿದ್ದೆ. ಮನೆಯ ಯಜಮಾನಿಯ ಉತ್ತರ ಗಟ್ಟಿಯಾಗಿತ್ತು: "ನಮ್ಮ ವೀರಪ್ಪ ನಮ್ಮನೇನೇ ಒತ್ಕಂಡಿರ್ಲಿ. ನೀವು ಓದ್ಕಳದಾದ್ರೆ ಬಂದು ಓದ್ಕಳಿ." ಕಲ್ಲೇಳುವ ಗಳಿಗೆ ತಪ್ಪಿದರೆ ಆ ಕಾಲಸೂಚನೆ ಸಿಮೆಂಟಿನ ಕೆಳಗೆ.

ಮೊದಲ ಭೇಟಿಯ ಹಿಂದಿನ ದಿನ ಚಾಲಕನಿಗೆ ಹೇಳಿದ್ದೆ: "ನನಗೆ ಹಿಟ್ಟು ಆಗುವುದಿಲ್ಲ, ಪಥ್ಯದಲ್ಲಿದ್ದೇನೆ ಅಂತ ತಿಳಿಸು." ಆಸ್ಪತ್ರೆಯವರು ಗೋಧಿ ಹಿಟ್ಟನ್ನು ಬರಿದೇ ಹಿಟ್ಟು ಎನ್ನುತ್ತಿದ್ದರು, ನನಗೂ ಅದೇ ಬಾಯಿಗೆ ಬಂತು. ಆ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಮುದ್ದೆ. ಉಂಡಿರಾ ಎನ್ನುವುದಕ್ಕೆ ಬದಲು ಇಟ್ಟುಂಡ್ರಾ ಎಂದು ಕೇಳುವ ಜನ. ಇನ್ನು ಪಥ್ಯವೆಂದರೆ ಅವರಿಗೆ ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆಯೆಂದರೆ ಚಪಾತಿ. ಭಾಷೆಯ ಮೇಲೆ ಬದುಕಿದವನು ನಾನು. ಎರಡೇ ಶಬ್ದಗಳಲ್ಲಿ ಇದ್ದ ಒಂದೇ ಕ್ಷೇಮದ ಊಟವನ್ನು ನಿಷೇಧಿಸಿ, ವಿಷವನ್ನು ಬರಮಾಡಿಕೊಂಡಿದ್ದೆ.

ಜಗುಲಿಯ ಮೇಲೆ ಎಲೆ ಹಾಕಿದ್ದರು. ತುಪ್ಪ ಸವರಿದ ಚಪಾತಿಗಳು, ಗೋಧಿ ಪಾಯಸ. ಒಳಗೆ ಮುದ್ದೆ ತೊಳಸುವ ವಾಸನೆ ಬರುತ್ತಿತ್ತು, ಅದು ಮನೆಯವರಿಗೆ.

"ಇಟ್ಟು ಆಗಕ್ಕಿಲ್ಲ ಅಂದ್ರಲ್ಲ, ಅದ್ಕೇ ಪ್ಯಾಟೆಯಿಂದ ಗೋದಿ ತರ್ಸಿ ಮಾಡ್ಸಿದ್ದೀನಿ," ಎಂದರು ಯಜಮಾನಿ. ದಪ್ಪ ಬಳೆಗಳ, ನೇರ ನೋಟದ ಹೆಂಗಸು. "ನಮ್ಮನೇಲಿ ಚಪಾತಿ ಅಂದ್ರೆ ಕಾಯ್ಲೆಯೋರ್ಗೆ ಮಾತ್ರ. ಏಳಿ, ಕೈ ತೊಳ್ಕಳಿ."

ನಾನು ವಿವರಿಸಿದೆ. ವಿವರಿಸಿದಷ್ಟೂ ಕೆಟ್ಟಿತು. ನನಗೆ ಬೇಡವಾದದ್ದು ಗೋಧಿ, ಮುದ್ದೆಯಲ್ಲ ಎಂದೆ. ಹಾಗಾದರೆ ಮುದ್ದೆ ಇಕ್ಕುತ್ತೇನೆ ಎಂದರು. ಆ ರಾಗಿ ಯಾವ ಮಿಲ್ಲಿನದು, ಅಲ್ಲಿ ಗೋಧಿಯನ್ನೂ ಬೀಸುತ್ತಾರೆಯೇ ಎಂದು ಕೇಳಿದೆ. ಅವರ ಮುಖ ಬಿಗಿಯಿತು.

"ಇಟ್ಟೂ ಆಗಕ್ಕಿಲ್ಲ, ಚಪಾತೀನೂ ಆಗಕ್ಕಿಲ್ಲ. ನಮ್ಮನೆ ನೀರಾದ್ರೂ ಆದದಾ?"

"ತಪ್ಪು ತಿಳಿಯಬೇಡಿ ತಾಯಿ. ಗೋಧಿ ನನಗೆ ವಿಷ."

"ಅಂಗಂದ್ರೆ ನಾನು ವಿಸ ಇಕ್ಕುದ್ನಾ?"

ಅವರ ಮೈದುನ ಗೋಡೆಗೊರಗಿ ನಿಂತವನು ನಕ್ಕ. "ಬುಡಿ ಅತ್ಗೆ. ಪ್ಯಾಟೆ ದೊಡ್ಡೋರು, ನಮ್ಮಂತೋರ ಮನೇಲಿ ಉಂಡ್ರೆ ಮೈಲ್ಗೆ ಆಯ್ತದೆ. ಕಾಯ್ಲೆ ಅಂದ್ರೆ ಮರ್ವಾದೆ ಉಳಿತದೆ ನೋಡಿ."

ನನ್ನ ಬಳಿ ತರ್ಕಬದ್ಧವಾದ ಉತ್ತರವಿತ್ತು. ಜಾತಿ ನೋಡಿ ಊಟ ಬಿಡುವವನು ಬೇಯಿಸಿದ ಅನ್ನ, ಮುದ್ದೆಯನ್ನು ಬಿಡುತ್ತಾನೆ. ತುಪ್ಪದ ಚಪಾತಿಯನ್ನು ಫಲಾಹಾರವೆಂದು ತಿನ್ನುತ್ತಾನೆ. ನಾನು ಬಿಡುತ್ತಿರುವುದು ಅದಕ್ಕೆ ತಿರುಗುಮುರುಗು. ಇದನ್ನು ಪೂರ್ವಪಕ್ಷ, ಉತ್ತರಪಕ್ಷಗಳೊಡನೆ ಮಂಡಿಸಿದೆ. ಯಾರೂ ಕೇಳಲಿಲ್ಲ. ಯಜಮಾನಿ ಎಲೆಯನ್ನು ಮಡಿಚಿ, ಚಪಾತಿಯ ಸಮೇತ ಎತ್ತಿಕೊಂಡು ಹೋಗಿ ಹಸುವಿನ ಮುಂದೆ ಹಾಕಿದರು. ಹಸು ತಿಂದಿತು. "ಇದಕ್ಕಾದ್ರೂ ಬೇದ ಇಲ್ವಲ್ಲ," ಎಂದರು. ಆದರೂ ಕಲ್ಲೆತ್ತುವ ದಿನ ತಿಳಿಸುತ್ತೇವೆ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊಟ್ಟ ಮಾತಿನ ಮೇಲೆ ಅವರಿಗಿದ್ದ ನಿಷ್ಠೆ ನನ್ನ ಮೇಲಿನ ಕೋಪಕ್ಕಿಂತ ದೊಡ್ಡದಿತ್ತು, ಅಷ್ಟೆ.

ಎರಡನೆಯ ಭೇಟಿಯ ಕಾಲ ಹೀಗೆ ನಿರ್ಧಾರವಾಗುತ್ತದೆ. ಚಾಲಕ ಅದು ಆಷಾಢ ಎನ್ನುತ್ತಾನೆ. ಆಷಾಢದಲ್ಲಿ ಆ ಸೀಮೆಯವರು ಪಾಯ ಹಾಕುವುದಿಲ್ಲ, ಆದ್ದರಿಂದ ಶ್ರಾವಣ. ನನ್ನ ನೆನಪಿನಲ್ಲಿ ಅದು ಗುರುವಾರ; ಆದರೆ ಮೇಸ್ತ್ರಿ, ಹತ್ತೂವರೆಗೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ಕಲ್ಲು ಕೂರಬೇಕು ಎಂದು ಅವಸರಿಸಿದ್ದು ಖಚಿತ. ಹತ್ತೂವರೆಗೆ ರಾಹುಕಾಲ ಬರುವುದು ಶುಕ್ರವಾರ ಮಾತ್ರ. ಆದ್ದರಿಂದ ಶುಕ್ರವಾರ.

ನಾವು ಮುಟ್ಟುವಷ್ಟರಲ್ಲಿ ಆಳುಗಳು ಹಾರೆ ಹಾಕಿ ಕಲ್ಲನ್ನು ಎಬ್ಬಿಸಿ, ಪಾಯದ ಅಂಚಿಗೆ ಓರೆಯಾಗಿ ಒರಗಿಸಿದ್ದರು. ಮೋಡ ಕವಿದಿತ್ತು, ಓರೆ ಬಿಸಿಲಿನ ಸಹಾಯವಿಲ್ಲ. ಒದ್ದೆ ಕಾಗದದ ಮೇಲೆ ಅಚ್ಚು ತೆಗೆಯೋಣವೆಂದರೆ ಅದು ಒಣಗುವ ಹೊತ್ತಿಗೆ ರಾಹುಕಾಲ ಮುಗಿದಿರುತ್ತದೆ. ಇಂಥ ವೇಳೆಗೆಂದೇ ನಾನು ವರ್ಷಗಳಿಂದ ಬಳಸುತ್ತಿದ್ದ ಉಪಾಯವನ್ನು ತೆಗೆದೆ. ತೊಳೆದು ಒರಸಿದ ಕಲ್ಲಿನ ಮೇಲೆ ಒಣ ಹಿಟ್ಟನ್ನು ಅಂಗೈಯಿಂದ ತಿಕ್ಕಿ, ಮೇಲ್ಮೈಯನ್ನು ಬಟ್ಟೆಯಿಂದ ಮೆಲ್ಲಗೆ ಸವರಿದರೆ, ಕೊರೆದ ಗೆರೆಗಳಲ್ಲಿ ಮಾತ್ರ ಬಿಳುಪು ನಿಂತು ಅಕ್ಷರಗಳು ಎದ್ದು ಬರುತ್ತವೆ. ಸುಣ್ಣದಂತೆ ಕಲ್ಲನ್ನು ತಿನ್ನುವುದಿಲ್ಲ, ನೀರು ಹಾಕಿದರೆ ಹೋಗುತ್ತದೆ. ನೆಲದಿಂದೆದ್ದ ಸಾಲುಗಳಲ್ಲಿ ಮೇಲಿನವಕ್ಕೆ ಬಳಿದು, ಮುಖವನ್ನು ಗೇಣುದ್ದಕ್ಕೆ ತಂದು ಓದತೊಡಗಿದೆ. ಗಾಳಿಗೆ ಪುಡಿ ಹಾರುತ್ತಿತ್ತು. ಸಂವತ್ಸರ ಸಿಕ್ಕಿತು. ಮಾಸ ಸಿಕ್ಕಿತು. ಅಂಟಿಕೊಂಡ ಕಾಗದಗಳನ್ನು ಬಿಡಿಸಲು ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವಿದೆ.

ಯಜಮಾನಿ ಹಿಂದೆ ಬಂದು ನಿಂತಿದ್ದರು.

"ಏನ್ರೀ ಅದು, ಕಲ್ಲಿಗೆ ಬಳೀತಿರೋದು?"

"ಮೈದಾ."

"ಮೈದಾನ ಯಾವುದ್ರಲ್ಲಿ ಮಾಡ್ತಾರೆ?"

"ಗೋಧಿಯಲ್ಲಿ," ಎಂದೆ. ಪ್ರಶ್ನೆಗೆ ಉತ್ತರ ಕೊಡುವ ಚಟ. ಕೊಟ್ಟ ಮೇಲೆ ಕೇಳಿಸಿತು.

"ಕೇಳಿದ್ರೇನ್ರೋ!" ಅವರ ಕೂಗಿಗೆ ಆಳುಗಳು ಹಾರೆ ಹಿಡಿದೇ ತಿರುಗಿದರು. "ಮೊಣಕೈಗಂಟ ಗೋದಿ ಮೆತ್ಕಂಡವ್ರೆ, ಮೀಸೆ ಮ್ಯಾಲೂ ಗೋದಿ, ಬೆರಳು ನೆಕ್ಕಂಡ್ ನೆಕ್ಕಂಡ್ ಆಳೆ ಮಗುಚ್ತಾವ್ರೆ. ಏನೂ ಆಗಿಲ್ಲ! ನಮ್ಮನೆ ಚಪಾತಿ ಕಂಡ್ರೆ ಮಾತ್ರ ವಿಸ. ಕಲ್ಲಿಗೆ ತಿನ್ನಿಸೋ ಗೋದಿ ನಮ್ಮ ಕೈಲಿದ್ರೆ ಮೈಲ್ಗೆ. ಈಗ ಏಳಿ ನಿಮ್ಮ ಕಾಯ್ಲೆ ಎಸ್ರಾ!"

ನನ್ನನ್ನು ಸುಳ್ಳುಗಾರನೆಂದು ಸಾಬೀತು ಮಾಡಲು ಆಡಿದ ಮಾತು ಅದು. ಸಾಕ್ಷ್ಯ ಸರಿಯಾಗಿತ್ತು, ನಿರ್ಣಯ ತಪ್ಪಿತ್ತು. ನಾನು ನನ್ನ ಕೈಗಳನ್ನು ನೋಡಿದೆ. ಉಗುರಿನ ಸಂದು ಬೆಳ್ಳಗಿತ್ತು. ತುಟಿ ಸವರಿದರೆ ಹಿಟ್ಟಿನ ಸಪ್ಪೆ ರುಚಿ. ಬೇರೆ ಹೆಂಚು, ಬೇರೆ ತಪ್ಪಲೆ, ಚಾಲಕನ ಬನ್ನು. ಎಲ್ಲರನ್ನೂ ವಿಚಾರಣೆಗೆ ನಿಲ್ಲಿಸಿದವನು ಕಲ್ಲಿನಿಂದ ಕಲ್ಲಿಗೆ ಗೋಧಿಯನ್ನು ಉಸಿರಾಡುತ್ತ, ನೆಕ್ಕುತ್ತ ಬಂದಿದ್ದೆ. ಹಾಸಿಗೆ ಹಿಡಿದ ದಿನಗಳನ್ನು ಮನಸ್ಸಿನಲ್ಲೇ ತಾಳೆ ನೋಡಿದೆ. ಪ್ರತಿಯೊಂದರ ಹಿಂದೆಯೂ ಮೋಡದ ದಿನ, ಸವೆದ ಕಲ್ಲು, ಮೈದಾ. ಬಿಸಿಲಿದ್ದ ದಿನಗಳಲ್ಲಿ ಕೆಲಸ ಮಾಡಿದ ಪಿರಿಯಾಪಟ್ಟಣದ ಕಡೆ ನಾನು ಚೆನ್ನಾಗಿದ್ದೆ.

ತಿಥಿ, ವಾರ ಇದ್ದ ಕೊನೆಯ ಸಾಲಿಗೆ ಇನ್ನೂ ಹಿಟ್ಟು ಬಳಿದಿರಲಿಲ್ಲ.

"ನಾನ್ ಬಳೀತೀನಿ ಸಾರ್, ನೀವು ದೂರ ನಿಂತ್ಕಳಿ," ಎಂದ ಚಾಲಕ ಮೆಲುದನಿಯಲ್ಲಿ. ಅವನಿಗೂ ಹೊಳೆದಿತ್ತು.

ದೂರ ನಿಂತು ಓದುವ ಅಕ್ಷರಗಳಲ್ಲ ಅವು, ಮೂಗು ತಾಗಿಸಬೇಕು. ಇದೊಂದು ಕಲ್ಲು, ಕೊನೆಯ ಸಲ ಎಂದು ಒಳಗಿನವನು ವಾದಿಸಿದ. ಅವನ ವಾದ ನನಗೆ ಚೆನ್ನಾಗಿ ಗೊತ್ತು; ಮುಂದಿನ ಕಲ್ಲಿನ ಹತ್ತಿರವೂ ಅವನು ಅದನ್ನೇ ಹೇಳುತ್ತಾನೆ. ನಾನು ಮೈದಾ ಪೊಟ್ಟಣವನ್ನು ಎತ್ತಿ ತಿಪ್ಪೆಯ ಮೇಲೆ ಸುರಿದೆ. ಕೊಡದ ನೀರನ್ನು ಕಲ್ಲಿನ ಮೇಲೆ ಹುಯ್ಯಿಸಿ ತೊಳೆಸಿದೆ. ಕೈ, ಮೀಸೆ, ಉಗುರು ಉಜ್ಜಿಕೊಂಡೆ.

"ಉಚ್ಚು ಇಡೀತಾ ಇವ್ರಿಗೆ?" ಎಂದ ಮೈದುನ.

ನಾನು ಯಜಮಾನಿಯ ಕಡೆ ತಿರುಗಿದೆ. "ತಾಯಿ, ಒಂದು ಹಿಡಿ ಅಕ್ಕಿಹಿಟ್ಟು ಕೊಡಿ. ಅದು ನನಗೆ ಆಗುತ್ತೆ. ಈ ಒಂದು ಸಾಲು ಓದಿ ಹೋಗುತ್ತೇನೆ."

ಹೊಸಿಲ ಮುಂದೆ ಅಂದಿನ ರಂಗೋಲಿ ಬೆಳ್ಳಗಿತ್ತು. ಅಕ್ಕಿಹಿಟ್ಟು ಆ ಮನೆಯಲ್ಲಿ ಇರದಿರಲು ಸಾಧ್ಯವೇ ಇರಲಿಲ್ಲ. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದಿಟ್ಟಿಸಿದರು.

"ನಮ್ಮನೆ ಅಕ್ಕಿಟ್ಟು ನಿಮ್ಗೆ ಆದದಾ? ಯಾವ ಮಿಲ್ಲಲ್ಲಿ ಬೀಸ್ಸಿದ್ದು ಅಂತ ಕೇಳಾಕಿಲ್ವಾ?"

ಕೇಳಲೇಬೇಕಾದ ಪ್ರಶ್ನೆಯೇ ಅದು, ಕೇಳುವ ಮುಖ ಉಳಿದಿರಲಿಲ್ಲ; ಅವರೂ ಹಿಟ್ಟು ತರಲು ಒಳಗೆ ಹೋಗಲಿಲ್ಲ. ಹ್ಯಾಂಡ್‌ಪೋಸ್ಟ್‌ಗೆ ಹೋಗಿ ತರುತ್ತೇನೆ ಎಂದು ಚಾಲಕ ಕೀಲಿ ತೆಗೆದ. "ಒತ್ತಾಯ್ತು ಕಣವ್ವ," ಎಂದ ಮೇಸ್ತ್ರಿ. ಯಜಮಾನಿ ಕೂರಿಸಿ ಎಂಬಂತೆ ತಲೆಯಾಡಿಸಿದರು. ಓಮ್ನಿಯ ಒಳಗನ್ನಡಿಯನ್ನು ಚಾಲಕ ಕಿತ್ತು ತಂದು, ಮೋಡದ ಮಂಕು ಬೆಳಕನ್ನೇ ಓರೆಯಾಗಿ ಬಿಡಲು ಹೆಣಗಿದ. ಹೊಟ್ಟೆಯ ಮೇಲೆ ಮಲಗಿ ನೋಡಿದೆ. ಪಕ್ಷ, ತಿಥಿ, ಎರಡೂ ಬಂದವು. ಅದರ ಮುಂದೆ ವಾರದ ಮೊದಲ ಅಕ್ಷರದ ಕೊಂಬು ಮಾತ್ರ ಕಂಡಿತು, ನೀರು ಹೊಳೆಯುತ್ತಿತ್ತು. "ಕಾಲು ತಗೀರಿ ಸ್ವಾಮಿ," ಎಂದರು ಆಳುಗಳು. ತೆಗೆದೆ. ಕಲ್ಲು ಬರಹದ ಮೈ ಕೆಳಗಾಗಿ ಪಾಯದಲ್ಲಿ ಮಲಗಿತು. ಮೇಲೆ ಕಾಂಕ್ರೀಟು ಸುರಿಯಿತು.

ಹೊರಡುವಾಗ ಯಜಮಾನಿ ನನ್ನನ್ನು ದಾಟಿ ಓಮ್ನಿಯ ಬಳಿಗೆ ಬಂದರು. ಚಾಲಕನಿಗೆ ಹೇಳಿದರು, ನನಗೆ ಕೇಳುವಂತೆ: "ನಿಂಗೆ ಅಸಿವಾಗಿದ್ರೆ ಬಾರಪ್ಪ, ಉಂಡೋಗು." ಆತ ನನ್ನ ಮುಖ ನೋಡಿದ, ಆಮೇಲೆ ಒಳಗೆ ಹೋಗಿ ಉಂಡ. ನಾನು ಓಮ್ನಿಯಲ್ಲಿ ಕುಳಿತು ಕ್ಯಾರಿಯರ್ ಬಿಚ್ಚಿದೆ.

ಮುಂದಿನ ರಕ್ತಪರೀಕ್ಷೆಯಲ್ಲಿ ಆ ಅಂಶ ಇಳಿದಿತ್ತು. ವೈದ್ಯೆ ಅದೇ ಉಲ್ಲಾಸದಿಂದ ಅಭಿನಂದಿಸಿದರು. ತಿರುಗಾಟ ನಿಲ್ಲಲಿಲ್ಲ, ವೀರನಹೊಸಹಳ್ಳಿ ಕಡೆಯ ಕಲ್ಲುಗಳನ್ನು ನಾನೇ ಬೀಸಿದ ಅಕ್ಕಿಹಿಟ್ಟಿನಿಂದ ಮುಗಿಸಿದೆ.

ಪುಸ್ತಕದ ಕರಡು ತಿದ್ದುವಾಗ ಸಂಪಾದಕರು ಫೋನು ಮಾಡಿದರು.

"ಸರ್, ಹೆಚ್.ಡಿ. ಕೋಟೆಯ ಆ ಕಲ್ಲು. ತಿಥಿ ಕೊಟ್ಟಿದ್ದೀರಿ, ವಾರ ಖಾಲಿ ಬಿಟ್ಟಿದ್ದೀರಿ. ವಾರ ಇಲ್ಲದೆ ಕಾಲ ನಿಲ್ಲಲ್ಲ."

"ನಿಲ್ಲುವುದಿಲ್ಲ."

"'ಅಸ್ಪಷ್ಟ' ಅಂತ ಹಾಕಿಬಿಡ್ತೀನಿ. ಎಲ್ಲರೂ ಹಾಗೇ ಹಾಕ್ತಾರೆ."

"ಕಲ್ಲು ಸವೆದಿರಲಿಲ್ಲ. ಅಕ್ಷರ ಆಳವಾಗೇ ಇತ್ತು."

"ಹಾಗಾದ್ರೆ ಏನು ಹಾಕಲಿ ಸರ್?"

"'ವಾರವಿದೆ, ಓದಿಲ್ಲ' ಅಂತ ಹಾಕಿ."

"ಯಾಕೆ ಅಂತ ಕೇಳ್ತಾರೆ ಸರ್."

"ಕೇಳಲಿ," ಎಂದೆ.